ಸಕ್ಕರೆ ಹಾಕಿದವನು ಯಾರು

ನನ್ನ ಕಾಯಿಲೆಯ ಹೆಸರು ಕೇಳಿದವರು ಮೊದಲು ನನ್ನ ಬಾಯಿ ನೋಡುತ್ತಾರೆ, ನೊರೆಗಿರೆ ಬಂದಿದೆಯೇನೋ ಎಂದು. ಮೂರ್ಛೆ ಎಂದರೆ ಜನಕ್ಕೆ ಗೊತ್ತಿರುವುದು ಒಂದೇ ಚಿತ್ರ. ಮನುಷ್ಯ ಬೀಳಬೇಕು, ಕೈಕಾಲು ಬಡಿಯಬೇಕು, ಯಾರೋ ಓಡಿಬಂದು ಅವನ ಕೈಗೆ ಕಬ್ಬಿಣದ ಕೀಲಿಕೈ ತುರುಕಬೇಕು, ಇನ್ನೊಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿಯಬೇಕು. ನಾನು ಒಂದು ಸಲವೂ ಬಿದ್ದವನಲ್ಲ. ಮೂರ್ಛೆ ಬಂದಾಗ ನಾನು ನಡೆಯುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, ಎದುರಿಗಿದ್ದವರ ಜೊತೆ ಮಾತಾಡುತ್ತಿದ್ದೆ. ಆಮೇಲೆ ಅದರಲ್ಲಿ ಒಂದು ಚೂರೂ ನನ್ನ ತಲೆಯಲ್ಲಿ ಉಳಿಯುತ್ತಿರಲಿಲ್ಲ.

ಈಗ ಗುಳಿಗೆ ನುಂಗುತ್ತೇನೆ, ಆರಾಮಾಗಿದ್ದೇನೆ. ನನ್ನ ಹಾಗೆ ಹೊತ್ತು ಕಳೆದುಕೊಂಡು, ಮನೆಯವರ ಮೇಲೆ ಸಂಶಯಪಟ್ಟು, ಯಾರಿಗೂ ಹೇಳದೆ ಕೂತಿರುವ ಇನ್ನೊಬ್ಬರು ಎಲ್ಲೋ ಇರಬಹುದು ಎಂದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಹುಚ್ಚು ಹಿಡಿದಿಲ್ಲ. ನಿಮ್ಮ ಮನೆಯವರೂ ಸುಳ್ಳು ಹೇಳುತ್ತಿಲ್ಲ, ಬಹುಶಃ. ಆ ಬಹುಶಃವನ್ನು ಮಾತ್ರ ನನ್ನಿಂದ ಬಿಡಲು ಆಗುವುದಿಲ್ಲ.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹುಟ್ಟಿದ್ದು ದೇವದುರ್ಗದಲ್ಲಿ, ಕೂಲಿ ಮಾಡುವವರ ಮನೆಯಲ್ಲಿ. ನಮ್ಮ ಓಣಿಯಲ್ಲಿ ಈಗ ಬುದ್ಧವಿಹಾರ ಇದೆ, ನಾನು ಸಣ್ಣವನಿದ್ದಾಗ ಇರಲಿಲ್ಲ. ಆಗ ಹೋಟೆಲಿನವನು ನಮ್ಮಪ್ಪನಿಗೆಂದೇ ಬೇರೆ ಇಟ್ಟ ಕಪ್ಪಿಗೆ ಮೇಲಿನಿಂದ ಚಹಾ ಸುರಿಯುತ್ತಿದ್ದ. ಸುರಿಯುವಾಗ ನಗುನಗುತ್ತಲೇ ಮಳೆ ಬೆಳೆ ವಿಚಾರಿಸುತ್ತಿದ್ದ. ಆ ನಗು ನೋಡಿದ ಮೇಲೆ, ನಗುವವರನ್ನು ಒಮ್ಮೆಲೇ ನಂಬುವುದು ನನಗೆ ಆಗಿಬರಲಿಲ್ಲ.

ನನ್ನ ಮಗಳು ಸುಜಾತಾ ರಾಯಚೂರಿನಲ್ಲಿ ನರ್ಸ್. ಅಲ್ಲೇ ಔಷಧಿ ವಿಭಾಗದಲ್ಲಿ ಕೆಲಸ ಮಾಡುವ ರೇವಣಸಿದ್ಧ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಅವರದು ಬಾಗಲವಾಡ, ಕುರಿ ಸಾಕುವವರ ಮನೆತನ. ಹುಡುಗನ ಅಪ್ಪ ಬೀರಪ್ಪ ನಮ್ಮ ಮನೆಗೆ ಬಂದು ಹೋಗಿದ್ದ. ನಕ್ಕ, ಚಹಾ ಕುಡಿದ, ನನ್ನ ಹೆಂಡತಿ ಶಾಂತಾಳನ್ನು ತಂಗೀ ಎಂದು ಕರೆದ. ಶಾಂತಾ ಕರಗಿ ನೀರಾದಳು. ನಾನು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಗ ಹಟ ಹಿಡಿದಾಗ ಯಾವ ಅಪ್ಪನಾದರೂ ಬೇರೆಯವರ ಮನೆಯಲ್ಲಿ ಒಂದು ಕಪ್ಪು ಚಹಾ ಕುಡಿದಾನು. ನಾಳೆ ಅವರ ಮನೆಯ ಅಡುಗೆ ಕೋಣೆಯ ಹೊಸ್ತಿಲ ಮೇಲೆ ನನ್ನ ಮಗಳು ನಿಂತಾಗ ಏನಾಗುತ್ತದೆ ಎಂಬುದು ನನ್ನ ಚಿಂತೆಯಾಗಿತ್ತು.

ಅದಕ್ಕೆ ಮನಸ್ಸಿನಲ್ಲೇ ಒಂದು ಪರೀಕ್ಷೆ ಇಟ್ಟುಕೊಂಡೆ. ಶಾಂತಾಗೂ ಹೇಳಲಿಲ್ಲ. ನಮ್ಮ ಕಡೆ ಸಂಬಂಧ ಕೂಡಿದರೆ ಸಕ್ಕರೆ ಹಾಕುತ್ತಾರೆ. ಹೆಣ್ಣಿನ ಅಪ್ಪ ಗಂಡಿನ ಅಪ್ಪನ ಬಾಯಿಗೆ, ಅವನು ಇವನ ಬಾಯಿಗೆ. ಬಾಯಿಗೆ ಸಕ್ಕರೆ ಬಿದ್ದ ಮೇಲೆ ಮಾತು ತಿರುಗಿಸಿದವನಿಗೆ ನಾಲ್ಕು ಜನರಲ್ಲಿ ಮುಖವಿಲ್ಲ. ಆ ದಿನ ಬಂದರೆ ನಾನು ಮೊದಲು ನನ್ನ ಬೆರಳು ಬಾಯಲ್ಲಿಟ್ಟು ಚೀಪುತ್ತೇನೆ, ಅದೇ ಎಂಜಲು ಬೆರಳಿನಿಂದ ಸಕ್ಕರೆ ಎತ್ತಿ ಬೀರಪ್ಪನ ಬಾಯಿಗೆ ಹಿಡಿಯುತ್ತೇನೆ. ತಿಂದರೆ ಮಗಳನ್ನು ಕೊಡುತ್ತೇನೆ. ಮುಖ ಹಿಂದೆ ಸರಿಸಿದರೆ ಅಲ್ಲಿಗೇ ಮುಗಿಯಿತು. ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ ಎಂದು ಶಾಲೆಯಲ್ಲಿ ಮಕ್ಕಳಿಗೆ ದಿನಾ ಹೇಳುವವನು ನಾನೇ ತಾನೇ.

ಒಂದು ಭಾನುವಾರ ಮಧ್ಯಾಹ್ನ ಉಂಡು ಅಡ್ಡಾದೆ. ಆಮೇಲೆ ನನಗೆ ಗೊತ್ತಿರುವುದು ಇಷ್ಟೇ: ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದೇನೆ. ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಮುಂದೆ ಖಾಲಿ ಕಪ್ಪುಗಳು, ವೀಳ್ಯದೆಲೆ, ಸಕ್ಕರೆಯ ತಟ್ಟೆ. ಸುಜಾತಾ ಬಾಗಿಲಲ್ಲಿ ನಿಂತು ಯಾರಿಗೋ ಕೈ ಬೀಸುತ್ತಿದ್ದಾಳೆ.

"ಯಾರು ಬಂದಿದ್ರು?" ಎಂದು ಕೇಳಿದೆ.

ಶಾಂತಾ ನಕ್ಕಳು. "ಮಸ್ಕಿರಿ ಮಾಡಬ್ಯಾಡ್ರಿ. ಈಗಷ್ಟ ಬೀಗರಿಗೆ ಕೈಯಾರ ಸಕ್ಕರಿ ಹಾಕಿ ಕಳಿಸೀರಿ."

"ನಾನು?"

"ಮತ್ಯಾರು, ಪಕ್ಕದ ಮನಿಯವರೇನು?"

ನನಗೆ ಮೈಯೆಲ್ಲ ಉರಿಯಿತು. ನಾನು ಮಲಗಿದ್ದಾಗ ತಟ್ಟೆ ತಂದಿಟ್ಟು ಅಮ್ಮ ಮಗಳು ಸೇರಿ ಆಟ ಕಟ್ಟಿದ್ದಾರೆ ಎಂದೇ ತಿಳಿದೆ. ಆಗಲಿ ಎನ್ನದ ಗಂಡನನ್ನು ಹೀಗೆ ಸಿಕ್ಕಿಸಬೇಕು ಎಂದು ಬೀರಪ್ಪನೇ ಹೇಳಿಕೊಟ್ಟಿರಬಹುದು. ಅದನ್ನೆಲ್ಲ ಬಾಯಿಬಿಟ್ಟು ಅಂದೂಬಿಟ್ಟೆ. ಸುಜಾತಾ ತನ್ನ ಫೋನು ತೆಗೆದು ಹಿಡಿದಳು. ಅದರಲ್ಲಿ ಫೋಟೋ. ಬೀರಪ್ಪನ ಬಾಯಿ ತುಂಬಿದೆ, ಪಕ್ಕದಲ್ಲಿ ಇಸ್ತ್ರಿ ಅಂಗಿಯ ನಾನು ಕ್ಯಾಮೆರಾ ಕಡೆ ನೆಟ್ಟಗೆ ನೋಡುತ್ತಿದ್ದೇನೆ. ನನ್ನದೇ ಮೂಗು, ನನ್ನದೇ ಕನ್ನಡಕ. ಇಸ್ತ್ರಿ ಅಂಗಿಯ ಅವನನ್ನು ನಾನು ಗುರುತಿಲ್ಲದ ಮನುಷ್ಯನನ್ನು ನೋಡುವ ಹಾಗೆ ನೋಡಿದೆ.

ಸುಜಾತಾಳ ನಗು ಇಳಿದುಹೋಯಿತು. ಅವಳು ಮಗಳಾಗಿದ್ದವಳು ನರ್ಸ್ ಆದಳು. ಬೆಳಗ್ಗೆ ಏನು ತಿಂದಿ, ಮಲಗಿದ್ದು ನೆನಪದ ಏನು, ಎದ್ದದ್ದು ನೆನಪದ ಏನು ಎಂದು ಮೆಲ್ಲಗೆ ಕೇಳುತ್ತ ಬಂದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಅವರು ಬಂದಾಗ ಅಪ್ಪ ಹೆಂಗಿದ್ದ?" ಎಂದಳು.

"ಹೆಂಗಂದ್ರ? ಬಸ್ಸಿಗೆ ಬಂದ್ರೇನು ಅಂತ ಕೇಳಿದ್ದನ್ನ ಮತ್ತ ಮತ್ತ ಕೇಳಿದ್ರು. ಇವರ ಸ್ವಭಾವನ ಹಂಗದಲ್ಲ, ಒಂದು ಸಲ ಹೇಳಿದ್ರ ನಂಬಂಗಿಲ್ಲ ಅಂತ ಸುಮ್ಮನಾದೆ," ಎಂದಳು ಶಾಂತಾ.

ಅದಕ್ಕೂ ಹಿಂದೆ ಒಂದು ಸಲ ಕವಿತಾಳದ ಬಸ್ ನಿಲ್ದಾಣದಲ್ಲಿ ಕೈಯಲ್ಲಿ ಬದನೆಕಾಯಿ ಚೀಲ ಹಿಡಿದು ನಿಂತಿದ್ದೆ, ಯಾಕೆ ಬಂದೆ ಎಂದು ತಿಳಿದಿರಲಿಲ್ಲ. ಬಿಸಿಲಿನ ಝಳ ಎಂದುಕೊಂಡು ಮನೆಗೆ ಹೋಗಿದ್ದೆ. ಅದನ್ನು ಈಗ ಹೇಳಿದಾಗ ಸುಜಾತಾ ಕೂತುಬಿಟ್ಟಳು.

ಮಾರನೆಯ ದಿನ ನಾನು ಆ ಸಕ್ಕರೆ ನನ್ನದಲ್ಲ ಎಂದೆ. ಶಾಂತಾ ಹಣೆ ಚಚ್ಚಿಕೊಂಡಳು. ಎರಡನೇ ಸಲ ಸಕ್ಕರೆ ಹಾಕುವ ಪದ್ಧತಿ ಇಲ್ಲ. ಹಾಕಿದರೆ ಮೊದಲನೆಯದು ಸುಳ್ಳು ಎಂದಂತೆ, ಅದಕ್ಕಿಂತ ಅಪಮಾನ ಇನ್ನೊಂದಿಲ್ಲ. ಸುಜಾತಾ ಮಾತ್ರ ನನ್ನ ಎದುರಿಗೆ ಬಂದು ನಿಂತಳು.

"ಯಪ್ಪಾ, ಬ್ಯಾನಿ ಕೊಟ್ಟ ಮಾತಿನ ಮ್ಯಾಲ ನಾ ಮದಿವಿ ಆಗಂಗಿಲ್ಲ. ಅವತ್ತು ಸಕ್ಕರಿ ಹಾಕಿದಂವ ನೀನಾ, ನಿನ್ನ ಬ್ಯಾನಿನಾ, ಅದನ್ನ ನೋಡಿ ಹೇಳು. ನೀ ಅಲ್ಲ ಅಂದ್ರ ನಾನ ಹೋಗಿ ಅವರಿಗೆ ಬ್ಯಾಡ ಅಂತ ಹೇಳಿ ಬರ್ತೀನಿ."

ಹೇಳಿ ಹೊರಗೆ ಹೋದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು.

ರಾಯಚೂರಿನ ಆಸ್ಪತ್ರೆಯಲ್ಲಿ ನರರೋಗ ವಿಭಾಗದ ಮುಂದೆ ಉದ್ದ ಬೆಂಚುಗಳಿದ್ದವು. ಅಲ್ಲಿ ಕೂತವರಲ್ಲಿ ಯಾರಿಗೆ ಕಾಯಿಲೆ, ಯಾರು ಜೊತೆಗೆ ಬಂದವರು ಎಂದು ನೋಡಿದರೆ ತಿಳಿಯುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕಲ್ಮಲದ ಹೆಣ್ಣುಮಗಳೊಬ್ಬಳು, ಅವಳ ತೊಡೆಯ ಮೇಲೆ ತಲೆಯಿಟ್ಟ ಮಗಳು. ಮಗಳ ಮುಷ್ಟಿಯಲ್ಲಿ ಕೀಲಿಕೈ. ಮೂರ್ಛೆಗೂ ಕಬ್ಬಿಣಕ್ಕೂ ಸಂಬಂಧವಿಲ್ಲ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದವನು ಅಂದು ಬಾಯಿ ತೆರೆಯಲಿಲ್ಲ. ಆ ತಾಯಿ ನನ್ನನ್ನು ಕೇಳಿದಳು, "ನಿಮ್ಮ ಪೇಷಂಟ್ ಎಲ್ಲದಾರ್ರಿ ಸರ?"

"ನಾನೇ," ಎಂದೆ. ಆ ಒಂದು ಮಾತು ಹೇಳುವಾಗ ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಕೈಗಡಿಯಾರ ನೋಡುವ ನೆಪ ಮಾಡಿದೆ. ಆಕೆ ಚೀಲದಿಂದ ಇನ್ನೊಂದು ಕೀಲಿಕೈ ತೆಗೆದು ನನ್ನ ಮುಂದೆ ಹಿಡಿದಳು. ನಾನು ತೆಗೆದುಕೊಂಡೆ. ಒಳಗೆ ಕರೆಯುವ ತನಕ ಅದನ್ನು ಹಿಡಿದೇ ಕೂತಿದ್ದೆ, ತಣ್ಣಗಿತ್ತು.

ತಲೆಗೆ ಅಂಟು ಹಚ್ಚಿ ವೈರು ಸಿಕ್ಕಿಸಿದರು, ಗುಡುಗುಡು ಎನ್ನುವ ಕೊಳವೆಯೊಳಗೆ ಮಲಗಿಸಿದರು. ಡಾಕ್ಟರು ಸುಜಾತಾಗಿಂತ ತುಸು ದೊಡ್ಡ ವಯಸ್ಸಿನ ಹೆಣ್ಣುಮಗಳು. ಇದೂ ಒಂದು ಜಾತಿಯ ಮೂರ್ಛೆ, ನಿದ್ದೆಯಿಂದ ಏಳುವ ಹೊತ್ತಿಗೆ ಬರುತ್ತದೆ, ಗುಳಿಗೆಗೆ ನಿಲ್ಲುತ್ತದೆ ಎಂದರು.

"ಆ ಹೊತ್ತಿನಾಗ ನಾನು ಇದ್ದೆನೋ ಇಲ್ಲೋ?" ಎಂದು ಕೇಳಿದೆ.

"ಇದ್ರಿ ಸರ್. ನೆನಪು ಒಳಗ ಇಳೀಲಿಲ್ಲ, ಅಷ್ಟ."

"ಇದ್ದೆ ಅಂತ ನಿಮಗ ಹೆಂಗ ಗೊತ್ತು?"

ಆಕೆ ಪೆನ್ನು ಕೆಳಗಿಟ್ಟರು. "ಖರೇ ಹೇಳಬೇಕಂದ್ರ ಗೊತ್ತಿಲ್ಲ. ಮೂರ್ಛೆ ನಿಲ್ಲಿಸೋದು ನನಗ ಬರ್ತದ. ನೀವು ಎಲ್ಲಿದ್ರಿ ಅನ್ನೋದಕ್ಕ ನನ್ನ ಕಡೆ ಗುಳಿಗಿ ಇಲ್ಲ." ಗೊತ್ತಿಲ್ಲ ಎಂದದ್ದಕ್ಕೇ ಆಕೆಯ ಗುಳಿಗೆಯನ್ನು ನಾನು ನಂಬಿದೆ.

ಅಂದು ನನ್ನ ಜೊತೆ ಬಂದವರು ಪ್ರಾಣೇಶ್, ರಾಯಚೂರಿನ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದ ಗೆಳೆಯರು. ಅರಿವು ಎಂಬುದು ಈ ಜಗತ್ತಿನಲ್ಲಿ ಎಲ್ಲಿದೆ ಎಂಬ ಜಗಳ ನಮ್ಮಿಬ್ಬರದು ಹಳೆಯದು. ನನ್ನದು ಬಲ್ಬಿನ ವಾದ. ಕರೆಂಟು ಇದ್ದರೆ ಬೆಳಕು, ಹೋದರೆ ಕತ್ತಲೆ. ಮಿದುಳು ಉರಿಯುವ ತನಕ ಅರಿವು, ಆಮೇಲೆ ಏನೂ ಇಲ್ಲ. ಕೋಟಿಗಟ್ಟಲೆ ಚುಕ್ಕಿಗಳಿರುವ ಈ ವಿಶ್ವ ಕುರುಡು, ಅದರಲ್ಲಿ ಕೆಲವು ಕಡೆ ಮಾತ್ರ ನಮ್ಮಂಥ ಸಣ್ಣ ಬಲ್ಬು ಹತ್ತಿವೆ. ಆಸ್ಪತ್ರೆಯ ಹೊರಗೆ ಚಹಾ ಕುಡಿಯುತ್ತ ಪ್ರಾಣೇಶ್ ತಮ್ಮ ವಾದ ತೆಗೆದರು.

"ಅರಿವು ಮಿದುಳಿನಾಗ ಹುಟ್ಟಂಗಿಲ್ಲ ಮಾಸ್ತರ್ರ. ಮೊದಲಿಂದ ಎಲ್ಲಾ ಕಡೆ ಅದ. ಈ ಬೆಂಚಿನಾಗ, ಆ ಕೋಟೆ ಗುಡ್ಡದಾಗ, ಚುಕ್ಕಿಯಾಗ. ಮಿದುಳು ಬರೇ ರೇಡಿಯೋ. ಅವತ್ತು ನಿಮ್ಮ ರೇಡಿಯೋ ಕೆಟ್ಟಿತ್ತು, ಹಾಡು ನಿಂತಿರಲಿಲ್ಲ."

"ರಾಯಚೂರು ಗುಡ್ಡಕ್ಕ ಅರಿವಿದ್ರ ಈ ಬಿಸಿಲಿಗೆ ಎಂದೋ ಎದ್ದು ಹೋಗಿರ್ತಿತ್ತು ಬಿಡ್ರಿ," ಎಂದೆ.

ಅವರು ನಗಲಿಲ್ಲ. ಹಿಂದಿನ ವರ್ಷ ಅವರ ಹೆಂಡತಿ ತೀರಿಕೊಂಡಿದ್ದರು. ಅದಕ್ಕಿಂತ ಮೊದಲು ಅವರ ಬಾಯಲ್ಲಿ ಈ ಬೆಂಚು ಗುಡ್ಡದ ಮಾತು ನಾನು ಕೇಳಿರಲಿಲ್ಲ. ಅರಿವು ಎಲ್ಲ ಕಡೆ ಇದ್ದರೆ ಆಕೆಯೂ ಎಲ್ಲೋ ಇರುತ್ತಾಳಲ್ಲ. ಪಾಪ, ಅದನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಚಹಾದ ದುಡ್ಡು ಕೊಟ್ಟು ಎದ್ದೆ.

ಗುಳಿಗೆ ಶುರುವಾದ ಮೇಲೆ ಬಹಳ ನಿದ್ದೆ ಬರುತ್ತಿತ್ತು, ಮಲಗಲು ಮಾತ್ರ ಅಂಜಿಕೆ. ಎದ್ದಾಗ ಯಾರು ಏಳುತ್ತಾರೋ ಏನೋ. ರಜೆ ಹಾಕಿ ದೇವದುರ್ಗಕ್ಕೆ, ದೊಡ್ಡಣ್ಣನ ಹತ್ತಿರ ಹೋದೆ. ಅವನು ವಿಹಾರದಲ್ಲಿ ಭಾನುವಾರ ಬುದ್ಧವಂದನೆ ಹೇಳಿಸುವವನು. ಎಲ್ಲ ಕೇಳಿ, "ತಮ್ಮಾ, ಕಾಲುವಿ ನೀರು ನೋಡೀದಿ. ನಿನ್ನಿ ನೀರು ಇವತ್ತಿಲ್ಲ, ಆದ್ರೂ ಅದ ಕಾಲುವಿ ಅಂತೀವಿ. ನಾನು ಅಂಬೋದು ಹಂಗ. ಒಳಗ ಒಬ್ಬ ಮಾಲಕ ಅಂತ ಕುಂತಿಲ್ಲ. ಸಕ್ಕರಿ ಹಾಕುವಾಗೂ ಇರಲಿಲ್ಲ, ಈಗ ನನ್ನ ಕೂಡ ಜಗಳ ಮಾಡುವಾಗೂ ಇಲ್ಲ," ಎಂದ.

"ಹಂಗಾದ್ರ ಮಾತು ಕೊಟ್ಟಂವ ಯಾರೋ ಅಣ್ಣಾ?"

"ಮಾತು ಕೊಟ್ಟದ್ದಾತು. ಅದನ್ನ ನಡಸು." ಆಮೇಲೆ, "ಮದಿವಿ ನಮ್ಮ ವಿಹಾರದಾಗ ಮಾಡೋಣ ಏನು?" ಎಂದ. ಓಹೋ, ಇಲ್ಲಿಗೆ ಬಂತೋ ನೀರು ಎಂದುಕೊಂಡೆ.

ಹೀಗೆ ಯಾರ ಸಿದ್ಧಾಂತ ಬಿಚ್ಚಿದರೂ ತಳದಲ್ಲಿ ಅವರವರಿಗೆ ಬೇಕಾದದ್ದೇ ಸಿಗುತ್ತಿತ್ತು. ನನ್ನದನ್ನೂ ಬಿಚ್ಚಿ ನೋಡಿದೆ. ಬಲ್ಬು ಆರಿತ್ತು ಎಂದರೆ ಸಕ್ಕರೆ ಹಾಕಿದವನು ಯಾರೂ ಅಲ್ಲ, ನಾನು ಬೇಡ ಎನ್ನಬಹುದು, ಅಡುಗೆ ಕೋಣೆಯ ಹೊಸ್ತಿಲಿನ ಚಿಂತೆಯೂ ಇಲ್ಲ. ನನಗೆ ಇಷ್ಟು ಅನುಕೂಲವಾದ ಸಿದ್ಧಾಂತ ಖರೆ ಇರಲಾರದು ಎನಿಸಿತು.

ಶಾಂತಾಗೆ ವಾದವಿಲ್ಲ, ಭಯವಿತ್ತು. ಗುಳಿಗೆ ನೀರು ಕೊಡುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು, ಏನೋ ಹೇಳಲು ಬಂದು ನುಂಗುತ್ತಿದ್ದಳು. ಏನು ಮುಚ್ಚಿಡುತ್ತಿದ್ದೀ ಎಂದು ಒಂದು ದಿನ ಜೋರು ಮಾಡಿದೆ. ಅವಳು ಅತ್ತುಬಿಟ್ಟಳು.

"ಅವತ್ತು ನಿಮ್ಮನ್ನ ಗಡಬಡಿಸಿ ಎಬ್ಬಿಸಿದವಳು ನಾನ್ರೀ. ಬೀಗರು ಬಾಗಿಲಿಗೆ ಬಂದಿದ್ರು, ಭುಜ ಹಿಡಿದು ಅಲ್ಲಾಡಿಸಿದೆ. ಮಲಗಿದವರ ಜೀವ ಹೊರಗ ಅಡ್ಡಾಡಾಕ ಹೋಗಿರ್ತದ, ತಟ್ಟನ ಎಬ್ಬಿಸಬಾರದು ಅಂತ ನಮ್ಮವ್ವ ಹೇಳ್ತಿದ್ಳು. ನಿಮ್ಮ ಜೀವ ತಿರುಗಿ ಬರೂದರಾಗ ಎಬ್ಬಿಸಿಬಿಟ್ಟೆ."

ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಡಾಕ್ಟರು ಹೇಳಲಿಲ್ಲವೇ ಎಂದು ಸಮಾಧಾನ ಮಾಡಿದೆ. ಅವಳು ಕಣ್ಣೊರೆಸಿಕೊಂಡಳು. ಇನ್ನೂ ಏನೋ ಉಳಿಸಿಕೊಂಡಿದ್ದಾಳೆ ಎಂಬ ಸಂಶಯ ನನಗೆ ಹೋಗಲಿಲ್ಲ.

ಕೊನೆಗೆ ನಾನೇ ಬಾಗಲವಾಡಕ್ಕೆ ಹೋಗಲು ಹೊರಟೆ. ಕಾಯಿಲೆಯ ಸುದ್ದಿ ಅವರಿಗೆ ನಾವೇ ಹೇಳಬೇಕು, ಬೇರೆಯವರ ಬಾಯಿಂದ ತಿಳಿಯಬಾರದು. ಮೂರ್ಛೆ ಇರುವ ಮನೆಯ ಹೆಣ್ಣು ಬೇಡ ಎಂದರೆ ಎನ್ನಲಿ. ಶಾಂತಾ, ಸುಜಾತಾ ಇಬ್ಬರೂ ಬಂದರು. ಕವಿತಾಳದಲ್ಲಿ ಬಸ್ಸಿಳಿದು ಆಟೋ ಹಿಡಿದೆವು.

ಬೀರಪ್ಪ ಕಂಬಳಿ ಹಾಸಿ ಕೂಡಿಸಿದ. ರೇವಣಸಿದ್ಧ ಗೋಡೆಗೆ ಆತು ನಿಂತ. ನಾನು ಸುತ್ತುಬಳಸದೆ ಹೇಳಿದೆ: ನನಗೆ ಮೂರ್ಛೆ ಇದೆ, ಸಕ್ಕರೆ ಹಾಕಿದ ಹೊತ್ತಿನಲ್ಲಿ ಅದು ಬಂದಿತ್ತು, ಆ ದಿನದ ಒಂದು ಮಾತೂ ನನಗೆ ನೆನಪಿಲ್ಲ.

ಬೀರಪ್ಪ ಮೀಸೆ ಸವರಿಕೊಂಡ. "ನಮ್ಮ ಕುರಿಗೂ ಬರ್ತದ್ರಿ ತಲಿ ಬ್ಯಾನಿ. ಸುತ್ತ ತಿರುಗ್ತಾವ, ಪಾಪ." ಕುರಿಗೆ ಹೋಲಿಸಿದ್ದು ನನಗೆ ಹಿಡಿಸಲಿಲ್ಲ, ಆದರೆ ಅವನ ದನಿಯಲ್ಲಿ ಅಸಹ್ಯ ಇರಲಿಲ್ಲ, ನಾನು ಹುಡುಕಿ ನೋಡಿದೆ.

"ಒಂದು ಕೇಳ್ತೀನಿ, ಮುಚ್ಚಿಡಬ್ಯಾಡ್ರಿ. ಅವತ್ತು ನಾನು ಸಕ್ಕರಿ ಹೆಂಗ ಕೊಟ್ಟೆ?"

"ಅದೆಲ್ಲ ಈಗ್ಯಾಕ್ರೀ," ಎಂದಳು ಶಾಂತಾ ತಟ್ಟನೆ. ಬೀರಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ.

"ನೀವು ಮೊದಲ ನಿಮ್ಮ ಬೆರಳು ಬಾಯಾಗ ಇಟ್ಟು ಚೀಪಿದ್ರಿ. ಅದ ಬೆರಳಲೆ ಸಕ್ಕರಿ ಎತ್ತಿ ನನ್ನ ಬಾಯಿ ಮುಂದ ಹಿಡದ್ರಿ. ಹಿಡದಾಗ ನನ್ನ ಕಣ್ಣಾಗ ಕಣ್ಣಿಟ್ಟು ನೋಡಾಕತ್ತಿದ್ರಿ."

"ತಪ್ಪು ತಿಳ್ಕೋಬ್ಯಾಡಣ್ಣಾ," ಶಾಂತಾ ನಡುವೆ ಬಾಯಿ ಹಾಕಿದಳು. "ಬ್ಯಾನಿ ಬಂದಿತ್ತಲ್ಲ, ಅದಕ್ಕ ಹಂಗ ಮಾಡಿದ್ರು. ಸಣ್ಣ ಹುಡುಗರಂಗ ಬೆರಳು ಚೀಪಿದ್ರು. ನಾಚಿಕಿಯಾಗಿ ನಾ ಇವರಿಗೂ ಹೇಳಿರಲಿಲ್ಲ."

ಆ ಪರೀಕ್ಷೆ ನನ್ನ ತಲೆಯಿಂದ ಹೊರಗೆ ಬಂದದ್ದೇ ಇಲ್ಲ. ಅದನ್ನು ಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದ. ಇಸ್ತ್ರಿ ಅಂಗಿಯ ಆ ಗುರುತಿಲ್ಲದ ಮನುಷ್ಯ ನನ್ನ ಹಾಗೆಯೇ ಯಾರನ್ನೂ ನಂಬದೆ, ನಮ್ಮಪ್ಪನ ಕಪ್ಪನ್ನು ಮರೆಯದೆ, ನಾನು ಮಾಡಬೇಕೆಂದಿದ್ದನ್ನೇ ಮಾಡಿ ಮುಗಿಸಿದ್ದ. ಎಲ್ಲರೂ ಯಾವುದನ್ನು ಕಾಯಿಲೆ ಎಂದುಕೊಂಡಿದ್ದರೋ ಅದರಲ್ಲೇ ನಾನು ಪೂರ್ತಿ ಇದ್ದೆ.

"ತಿಂದ್ರೇನು?" ಎಂದು ಕೇಳಿದೆ.

"ಒಂದು ಗಳಿಗಿ ತಡದೆ," ಎಂದ ಬೀರಪ್ಪ. "ಸುಳ್ಳು ಯಾಕ ಹೇಳಲಿ, ನಮ್ಮಪ್ಪ ಕಣ್ಣ ಮುಂದ ಬಂದ. ಆಮ್ಯಾಲ ಮಗನ ಮಾರಿ ನೋಡಿದೆ. ತಿಂದೆ."

"ಬಾಯಿ ಒರಸ್ಕೊಂಡ್ರೇನು?"

"ಯಪ್ಪಾ, ಸಾಕು ಬಿಡು," ಎಂದಳು ಸುಜಾತಾ.

"ಒರಸ್ಕೊಂಡೆ," ಎಂದ ಬೀರಪ್ಪ. "ಮೀಸಿಗೆ ಸಕ್ಕರಿ ಹತ್ತಿತ್ತು."

ಸಕ್ಕರೆಗೇ ಒರೆಸಿಕೊಂಡನೋ ಬೇರೆ ಯಾತಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ತಡೆದೆ ಎಂದು ಅವನು ಒಪ್ಪಿಕೊಂಡದ್ದನ್ನು ಮಾತ್ರ ನಂಬುತ್ತೇನೆ. ಬಹಳ ದುಃಖವಾದದ್ದು ಬೇರೆಯದಕ್ಕೆ. ನನ್ನ ಎಂಜಲು ಬೆರಳಿನಿಂದ ಒಬ್ಬ ಮನುಷ್ಯ ಎಲ್ಲರೆದುರು ಸಕ್ಕರೆ ತಿಂದ, ಅದನ್ನು ನಾನು ಕಣ್ಣಾರೆ ನೋಡಿದೆ, ಒಂದು ಚೂರೂ ನನಗೆ ಉಳಿದಿಲ್ಲ. ನಮ್ಮಪ್ಪ ಇದ್ದಿದ್ದರೆ ಆ ನೋಟವನ್ನು ಜೀವ ಇರುವ ತನಕ ಇಟ್ಟುಕೊಳ್ಳುತ್ತಿದ್ದ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತೆ. ಯಾರೋ ಚಹಾ ತಂದಿಟ್ಟರು.

ಸುಜಾತಾ ಗೋಡೆಗೆ ಆತು ನಿಂತ ರೇವಣಸಿದ್ಧನ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಂದು ಕಂಬಳಿಯ ಅಂಚಿನಲ್ಲಿ ಕೂತಳು.

"ಹೇಳು ಯಪ್ಪಾ. ಅವತ್ತು ಸಕ್ಕರಿ ಹಾಕಿದಂವ ಯಾರು?"

"ನಾನೇ," ಎಂದೆ.